ಪುಷ್ಕರಣಿಯ ಮೆಟ್ಟಿಲು ಎಣಿಸಿ ಹೇಳು

ಶೆಫೀಲ್ಡ್
ಗುರುವಾರ, ರಾತ್ರಿ 11.40

ಪ್ರೀತಿಯ ಅಕ್ಕ,

ಡ್ಯೂಟಿ ಮುಗಿಸಿ ಈಗಷ್ಟೇ ಬಂದೆ. ಕಣ್ಣು ಎಳೀತಿದೆ, ಆದ್ರೂ ಬರೀಲೇಬೇಕು. ಶನಿವಾರ ಗುಡ್ಡ ಹತ್ತೋಕೆ ಹೋಗ್ತೀನಿ ಅಂದಿದ್ದಕ್ಕೆ ಅವ್ವ ಫೋನಲ್ಲಿ ಮಾತೇ ನಿಲ್ಲಿಸಿಬಿಟ್ಟಳು. ಈ ಕಾಗದದ ಫೋಟೋ ತೆಗೆದು ವಾಟ್ಸಾಪಿಗೆ ಹಾಕ್ತೀನಿ, ಅವಳಿಗೆ ಓದಿ ಹೇಳು.

ಒಬ್ಬಳೇ ಅಲ್ಲ. ವಾರ್ಡಿನ ಮಲಯಾಳಿ ಹುಡುಗಿಯರು ಇಬ್ಬರು ಜೊತೆಗಿದ್ದಾರೆ. ಈಡೇಲ್‌ವರೆಗೆ ರೈಲು, ಅರ್ಧ ಗಂಟೆ ಚಿಲ್ಲರೆ. ಅಲ್ಲಿಂದ ಕಿಂಡರ್ ಸ್ಕೌಟ್. ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಅದಕ್ಕಿಂತ ಎತ್ತರದ್ದಿಲ್ಲ, ಆದ್ರೂ 636 ಮೀಟರ್ ಅಷ್ಟೇ. ನಮ್ಮ ದಾವಣಗೆರೆ ಊರೇ 600 ಮೀಟರ್ ಎತ್ತರದಲ್ಲಿದೆ ಅಂತ ಅವ್ವನಿಗೆ ಹೇಳು. ಇಲ್ಲಿ ಹೆದರಬೇಕಾದ್ದು ಎತ್ತರಕ್ಕಲ್ಲ, ಮಂಜಿಗೆ ಮತ್ತು ಕತ್ತಲಿಗೆ. ಹೋದ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಟ್ಟರು. ಈಗ ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ.

ನಾನು ಮೊಬೈಲ್ ನೋಡ್ಕೊಂಡು ಹೋಗೋಣ ಅಂತಿದ್ದೆ. ಕೆಳಮನೆಯ ತಾತ ಬಿಡಲಿಲ್ಲ. ಮೇಷ್ಟ್ರಾಗಿದ್ದವರು, ಎಪ್ಪತ್ತು ದಾಟಿದೆ. ನಿನ್ನೆ ರಾತ್ರಿ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಹಿಡ್ಕೊಂಡು ಬಂದ್ರು. ಹಾಸಿದರೆ ಊಟದ ಟೇಬಲ್ಲೇ ಸಾಲಲಿಲ್ಲ. ಮಡಿಕೆ ಸವೆದಲ್ಲೆಲ್ಲ ಟೇಪ್ ಅಂಟಿಸಿದ್ದಾರೆ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ ಒಂದು ಕಿಲೋಮೀಟರ್. ತುಂಬಾ ಕಂದು ಗೆರೆಗಳು. ಅವು ಏನಂತ ಅವರು ಎರಡು ಸಲ ಹೇಳಿದ್ರೂ ನನ್ನ ತಲೆಗೆ ಹತ್ತಲಿಲ್ಲ. ಆಮೇಲೆ ನಮ್ಮ ಪುಷ್ಕರಣಿ ನೆನಪಾಯ್ತು ಅಕ್ಕ. ದಡದ ಮೇಲೆ ನಿಂತು ಕೆಳಗೆ ನೋಡಿದ್ರೆ ಮೆಟ್ಟಿಲೆಲ್ಲ ಗೆರೆಗೆರೆಯಾಗಿ ಕಾಣ್ತವಲ್ಲ, ಹಾಗೇ ಇದು. ಒಂದೊಂದು ಗೆರೆಯೂ ಒಂದು ಮೆಟ್ಟಿಲು. ಒತ್ತೊತ್ತಾಗಿದ್ರೆ ಕಡಿದಾದ ಏರು, ದೂರ ದೂರ ಇದ್ರೆ ಸಪಾಟು.

ಫೋನಲ್ಲಿದ್ದ ಫೋಟೋ ತೋರಿಸಿದೆ. ನೀರಿನ ನಡುವಿನ ವಸಂತ ಮಂಟಪವನ್ನ ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ್ರು. 16ನೇ ಶತಮಾನದ್ದು, ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು ಅಂದೆ. ಎಷ್ಟು ಮೆಟ್ಟಿಲು ಅಂತ ಕೇಳಿದ್ರು. ಅಷ್ಟು ಸಲ ಹತ್ತಿ ಇಳಿದಿದ್ದೀನಿ, ಹೇಳೋಕಾಗಲಿಲ್ಲ.

ಆಮೇಲೆ ಲೆಕ್ಕ ಹಾಕಿಸಿದ್ರು. 1892ರಲ್ಲಿ ನೇಸ್ಮಿತ್ ಅನ್ನೋರು ಮಾಡಿಟ್ಟ ಸೂತ್ರವಂತೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮದು ಹೋಗಿ ಬರೋಕೆ ಸುಮಾರು 14 ಕಿ.ಮೀ., ಏರು 400 ಮೀಟರ್. ಮೂರೂವರೆ ಗಂಟೆ, ಊಟಕ್ಕೊಂದು ಗಂಟೆ. ಹತ್ತಕ್ಕೆ ಹೊರಟು, ಹನ್ನೆರಡೂವರೆಗೆ ಎಲ್ಲೇ ಇದ್ರೂ ವಾಪಸ್ ತಿರುಗಬೇಕು. ಸೀಟಿ ಕೊಟ್ಟಿದ್ದಾರೆ. ಕಷ್ಟ ಬಂದ್ರೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ದಾರಿ, ವೇಳೆ ಎಲ್ಲ ಚೀಟಿಯಲ್ಲಿ ಬರೆಸಿ ತಮ್ಮ ಜೇಬಿಗೆ ಹಾಕ್ಕೊಂಡ್ರು. ಸಂಜೆ ಆರಕ್ಕೆ ಅವರ ಬಾಗಿಲು ತಟ್ಟಬೇಕು, ತಟ್ಟದಿದ್ರೆ ಅವರೇ ಪೊಲೀಸರಿಗೆ ಫೋನ್ ಮಾಡ್ತಾರಂತೆ. ಹೆತ್ತವರಲ್ಲ, ಬಂಧುವಲ್ಲ. ಇದನ್ನ ಅವ್ವನಿಗೆ ಎರಡು ಸಲ ಓದು.

ಇದೇ ಗುಡ್ಡವನ್ನ 1932ರ ಏಪ್ರಿಲ್ 24ರಂದು ನೂರಾರು ಜನ ಜಮೀನ್ದಾರರ ತಡೆ ಲೆಕ್ಕಿಸದೆ ಹತ್ತಿದ್ರಂತೆ. ಐವರು ಜೈಲಿಗೂ ಹೋದರು. ಅವರು ಅಂದು ನಡೆದಿದ್ದಕ್ಕೇ ಇಂದು ನೀನು ಯಾರನ್ನೂ ಕೇಳದೆ ನಡೀಬಹುದು ಅನ್ನುವಾಗ ತಾತನ ದನಿ ಗಟ್ಟಿಯಾಯ್ತು.

ಬುತ್ತಿಗೆ ಚಪಾತಿ, ಅವ್ವ ಕಳಿಸಿದ ಶೇಂಗಾ ಚಟ್ನಿಪುಡಿ. ತಾತನಿಗೂ ಎರಡು ಕೊಟ್ಟು ಹೋಗ್ತೀನಿ.

ಅಲ್ಲಿ ಅಡಿಕೆ ಕೊಯ್ಲು ಎಲ್ಲಿಗೆ ಬಂತು? ಬೇಯಿಸೋ ಒಲೆ ಮುಂದೆ ಅಪ್ಪಾಜಿ ರಾತ್ರಿಯೆಲ್ಲ ಕೂರ್ತಿದ್ದಾರಾ? ಮಳೆ ಬಂದ್ರೆ ಟಾರ್ಪಾಲ್ ಹೊದಿಸೋಕೆ ಅವರು ಅಟ್ಟ ಹತ್ತೋದು ಬೇಡ, ಆ ಮೊಣಕಾಲಲ್ಲಿ. ಅವ್ವನ ಬಿಪಿ ಮಾತ್ರೆ ಮುಗಿಯೋ ಮುಂಚೆ ಚನ್ನಗಿರಿಯಿಂದ ತರಿಸು.

ನಾನು ವಾಪಸ್ ಬಂದಾಗ ನಿಮಗೆ ರಾತ್ರಿ ಹನ್ನೊಂದೂವರೆ. ಅವ್ವ ಕಾಯೋದು ಬೇಡ, ನಿನಗೆ ಮೆಸೇಜ್ ಹಾಕ್ತೀನಿ. ಮತ್ತೆ, ನಾಳೆ ಸ್ಕೂಲಿಂದ ಬಂದಮೇಲೆ ಪುಟ್ಟನನ್ನ ಕರ್ಕೊಂಡು ಪುಷ್ಕರಣಿಗೆ ಹೋಗಿ ಮೆಟ್ಟಿಲು ಎಣಿಸಿ ಹೇಳು. ನೀರಿಂದ ಮೇಲಿರೋವಷ್ಟು ಸಾಕು. ಆರಕ್ಕೆ ಬಾಗಿಲು ತಟ್ಟಿದಾಗ ತಾತ ಮೊದಲು ಅದನ್ನೇ ಕೇಳ್ತಾರೆ.