ಕಲೆ ಒಂದು ಕಡೆ, ತೂತು ಇನ್ನೊಂದು ಕಡೆ

ತೇವದ ಕಲೆ ಕಂಡಲ್ಲೇ ಸುತ್ತಿಗೆ ಎತ್ತುವವರನ್ನು ಕಂಡರೆ ನನಗಾಗದು. ಮಕ್ತಲ್ ಕಡೆಯ ಹಳೆಯ ಮನೆಗಳಿಗೆ ಶಹಾಬಾದಿ ಫರ್ಸಿಯ ನೆಲ. ಪಡಸಾಲೆಯಲ್ಲಿ ಒಡೆದ ಪೈಪಿನ ನೀರು ಕಲ್ಲಿನಡಿಯೇ ನಡೆದು ಅಡುಗೆಮನೆಯ ಮೂಲೆಯಲ್ಲಿ ತಲೆಯೆತ್ತುತ್ತದೆ. ಮೇಸ್ತ್ರಿ ಅಡುಗೆಮನೆ ಅಗೆಯುತ್ತಾನೆ. ತೂತಿಗೂ ಕಲೆಗೂ ನಡುವಿನ ಆ ದಾರಿ ಹುಡುಕುವುದೇ ನನ್ನ ಹುಚ್ಚು.

ಮೊದಲು ಮನೆಯವರನ್ನು ಮಾತಾಡಿಸಬೇಕು. ತೇವ ಸದಾ ಇದ್ದರೆ ಪೈಪಿನ ಮೇಲೆ ಅನುಮಾನ, ಸ್ನಾನದ ಬಳಿಕ ಹೆಚ್ಚಾದರೆ ಬಚ್ಚಲ ಮೇಲೆ, ಮಳೆಗಾಲದಲ್ಲಷ್ಟೇ ಆದರೆ ಮಾಳಿಗೆಯ ಮೇಲೆ. ಬಚ್ಚಲಾದರೆ ಮೋರಿಗೆ ಬಟ್ಟೆ ತುರುಕಿ, ಬಣ್ಣದ ನೀರು ನಿಲ್ಲಿಸಿ ಮರುದಿನದವರೆಗೆ ಕಾಯುವುದು. ಪೈಪಾದರೆ ನಳಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಒತ್ತಡ ಏರಿಸಿ, ಗೇಜಿನ ಮುಳ್ಳು ನೋಡುತ್ತ ಕೂರುವುದು. ಮುಳ್ಳು ಇಳಿಯಿತೋ, ಕಳ್ಳ ಮನೆಯಲ್ಲೇ ಇದ್ದಾನೆ. ಒಂದೊಂದೇ ವಾಲ್ವ್ ಮುಚ್ಚುತ್ತ ಹೋದರೆ ಯಾವ ಕೋಣೆಯಲ್ಲಿ ಅನ್ನುವುದೂ ತಿಳಿಯುತ್ತದೆ. ಈ ಕಾಯುವಿಕೆಯಷ್ಟು ಸುಖ ನನಗೆ ಇಸ್ಪೀಟಿನಲ್ಲೂ ಸಿಕ್ಕಿಲ್ಲ.

ಆಮೇಲೆ ಕಿವಿಯ ಸರದಿ. ಲೋಹದ ಕೋಲಿನ ಒಂದು ತುದಿ ಪೈಪಿಗೆ, ಇನ್ನೊಂದು ಕಿವಿಗೆ. ಹಳೆಯ ಜಿಐ ಪೈಪಾದರೆ ಸುಯ್ಯೆನ್ನುವ ಸದ್ದು ದೂರಕ್ಕೂ ಬರುತ್ತದೆ; ಪಿವಿಸಿ ಅದನ್ನು ನುಂಗಿಬಿಡುತ್ತದೆ. ಸಾಲದ್ದಕ್ಕೆ ನಮ್ಮದು ಮಾಳಿಗೆ ಟಾಕಿಯ ನೀರು. 10 ಮೀಟರ್ ಎತ್ತರವಿದ್ದರೆ ಸುಮಾರು 1 ಬಾರ್ ಒತ್ತಡ. ಒಂದಂತಸ್ತಿನ ಮನೆಯಲ್ಲಿ ಅದರರ್ಧವೂ ಇಲ್ಲ, ಸದ್ದೆಲ್ಲಿಂದ ಬರಬೇಕು? ಆಗ ವೃತ್ತಿಯವರು ಪೈಪು ಬರಿದು ಮಾಡಿ, ಶೇ 5 ಹೈಡ್ರೋಜನ್, ಶೇ 95 ನೈಟ್ರೋಜನ್ ಇರುವ ಅನಿಲ ತುಂಬುತ್ತಾರೆ. ಅಷ್ಟು ಹೈಡ್ರೋಜನ್ ಹೊತ್ತಿಕೊಳ್ಳುವುದಿಲ್ಲ, ಆದರೆ ಫರ್ಸಿಯ ಸಂದಿನಿಂದ ಮೇಲೆದ್ದರೆ ಮೂಸುವ ಯಂತ್ರ ಕೂಗಿಕೊಳ್ಳುತ್ತದೆ.

ಥರ್ಮಲ್ ಕ್ಯಾಮೆರಾಕ್ಕೆ ಕಾಣುವುದು ನೀರಲ್ಲ, ಆವಿಯಾಗುವ ತೇವದ ತಂಪು. ಕೃಷ್ಣಾ, ತುಂಗಭದ್ರೆಯರ ನಡುವಿದ್ದರೂ ಗದ್ವಾಲದ ಬೇಸಿಗೆ ಒಣಗಾಳಿಯದು, ನೆರಳಿನ ಗೋಡೆಯಲ್ಲಿ ಆ ತಂಪು ಚೆನ್ನಾಗಿ ಮೂಡುತ್ತದೆ. ತೇವಮಾಪಕವನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಬೋರ್‌ವೆಲ್ ನೀರು ಬಿಟ್ಟುಹೋದ ಉಪ್ಪಿಗೂ ಅದು ತೇವವೆಂದೇ ತೋರಿಸುತ್ತದೆ.

ನಾರಾಯಣಪೇಟೆಯ ನೇಕಾರರೊಬ್ಬರ ಮನೆಯಲ್ಲಿ ಗುಂಡಿಮಗ್ಗದ ಗುಂಡಿ ಒದ್ದೆಯಾಗುತ್ತಿತ್ತು. ಕಾಲಿಟ್ಟು ತುಳಿಯುವ ಜಾಗ, ಮೊದಲು ತಿಳಿದದ್ದು ಅವರ ಪಾದಗಳಿಗೇ. ಗೇಜಿನ ಮುಳ್ಳು ಕದಲಲಿಲ್ಲ, ಅವರ ಬಚ್ಚಲೂ ನಿರಪರಾಧಿ. ಕೊನೆಗೆ ಪಕ್ಕದ ಮನೆಯ ಮೋರಿಗೆ ಬಣ್ಣ ಹಾಕಿದೆವು; ಗುಂಡಿ ಹಸಿರಾಯಿತು. ನೆಲ ಅಗೆಯಲು ಕೇಳಿದರೆ ಪಕ್ಕದವರು, ಹಬ್ಬ ಮುಗಿಯಲಿ ಅಂದರು.