ಕೈಯಿಂದ ಕೈಗೆ ಬಂದ ಸಮಾಧಾನ

ಪ್ರತಿ ಭಾನುವಾರ ರಾತ್ರಿ ಒಂಬತ್ತಕ್ಕೆ ಪಪ್ಪನ ಫೋನು ಬರುತ್ತಿತ್ತು. ತುಳುವಿನಲ್ಲಿ “ವನಸ್ ಆಂಡಾ?” ಎಂದು ಕೇಳುತ್ತಿದ್ದರು. ಊಟ ಆಯ್ತಾ ಅಂತ. ನಾನು “ಆಂಡ್” ಅನ್ನುತ್ತಿದ್ದೆ. ಆಮೇಲೆ ಅಲ್ಲಿ ಮಳೆ ಬಂತಾ, ಇಲ್ಲಿ ಸೆಖೆ ಹೇಗಿದೆ ಎಂಬ ಒಂದೆರಡು ಮಾತು. ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ಹೊರಗಿನವರ ಕಣ್ಣಿಗೆ ನಾವು ಮುನಿಸಿಕೊಂಡವರಂತೆ ಕಾಣುತ್ತಿರಲಿಲ್ಲ. ಜೋರಾಗಿ ಜಗಳವಾಡಿದ್ದರೆ ಒಳ್ಳೆಯದಿತ್ತೇನೋ.

ಅಮ್ಮನಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿ ನೆಟ್ ಪರೀಕ್ಷೆಗೆ ಓದುತ್ತಿದ್ದೆ. ನನಗೆ ಯಾರೂ ಹೇಳಲಿಲ್ಲ. “ಸ್ವಲ್ಪ ಗ್ಯಾಸ್ಟ್ರಿಕ್, ಮದ್ದು ಕೊಟ್ಟಿದ್ದಾರೆ” ಎಂದಷ್ಟೇ ಪಪ್ಪ ಹೇಳುತ್ತಿದ್ದರು. ಪರೀಕ್ಷೆ ಮುಗಿದ ಸಂಜೆ ಫೋನ್ ಮಾಡಿ, ಬಂದುಬಿಡು ಅಂದರು. ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಮಂಗಳೂರು ತಲುಪುವಷ್ಟರಲ್ಲಿ ಅಮ್ಮನಿಗೆ ಮಾತು ನಿಂತಿತ್ತು. ಐದನೆಯ ದಿನ ತೀರಿಕೊಂಡಳು. ನನಗೇಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಪಪ್ಪ, “ಪರೀಕ್ಷೆ ಮುಗಿಯುವವರೆಗೆ ಹೇಳಬೇಡಿ ಅಂತ ಅವಳೇ ಹೇಳಿದ್ದು” ಎಂದರು. ನಾನು ನಂಬಲಿಲ್ಲ. ಅಮ್ಮ ಹಾಗೆ ಹೇಳಿದ್ದಳೋ, ಪಪ್ಪನೇ ಹಾಗೆ ತೀರ್ಮಾನಿಸಿದ್ದರೋ, ತಿಳಿಯುವ ದಾರಿ ಮುಚ್ಚಿಹೋಗಿತ್ತು.

ಪರೀಕ್ಷೆ ಪಾಸಾಯಿತು, ಫೆಲೋಶಿಪ್ ಸಿಕ್ಕಿತು, ಪಿಎಚ್.ಡಿ. ಶುರುವಾಯಿತು. ಖಾತೆಗೆ ಹಣ ಬಿದ್ದ ಮೆಸೇಜು ನೋಡುವಾಗಲೆಲ್ಲ ಆ ಐದು ದಿನಗಳ ಮೌನಕ್ಕೆ ಯಾರೋ ಸಂಬಳ ಕೊಡುತ್ತಿದ್ದಾರೆ ಅನ್ನಿಸುತ್ತಿತ್ತು.

ನಾನು ಹುಟ್ಟಿದ್ದು ಬಾಸೆಲ್ ಮಿಶನ್ ಕಾಲದಿಂದ ಬಂದ ಕುಟುಂಬದಲ್ಲಿ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ನಮಗೆ ಭಾನುವಾರ ಎಂದರೆ ಸಂಡೇ ಸ್ಕೂಲು, ಇಸ್ತ್ರಿ ಮಾಡಿದ ಬಟ್ಟೆ, ಸಂಗೀತ ಪುಸ್ತಕ, ಮನೆಗೆ ಬಂದ ಮೇಲೆ ಮೀನಿನ ಊಟ. ಭಕ್ತಿ ಇರಲಿಲ್ಲವೆಂದಲ್ಲ, ಅದರ ಬಗ್ಗೆ ಯೋಚಿಸುವ ಪ್ರಮೇಯ ಬಂದಿರಲಿಲ್ಲ ಅಷ್ಟೇ. ಅಮ್ಮ ಹೋದ ಮೇಲೆ ಚರ್ಚಿಗೆ ಹೋಗುವುದನ್ನು ಬಿಟ್ಟೆ. ಮಣ್ಣು ಮಾಡಿದ ದಿನ ಎಲ್ಲರೂ ನನ್ನ ಹೆಗಲು ಮುಟ್ಟಿ “ಸಮಾಧಾನ ಮಾಡಿಕೊ ಮಗಾ” ಎಂದಿದ್ದರು. ಆ ಪದ ಕೇಳಿದರೇ ಮೈ ಉರಿಯುತ್ತಿತ್ತು.

ಅದೇ ಪದ ನನ್ನ ಸಂಶೋಧನೆಯೊಳಗೆ ಬಂದು ಕೂರುತ್ತದೆಂದು ಅಂದುಕೊಂಡಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕನ್ನಡ ಕ್ರೈಸ್ತ ಗದ್ಯ ನನ್ನ ವಿಷಯ. 1834ರಲ್ಲಿ ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1853ರಲ್ಲಿ ಬಂದ ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಇವೆಲ್ಲ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತ ಸಂಗತಿಗಳೇ. ನನ್ನ ಕುತೂಹಲ ಇದ್ದದ್ದು ಅನುವಾದಕರು ಆರಿಸಿಕೊಂಡ ಪದಗಳಲ್ಲಿ. ಜೈನರು, ಶರಣರು, ದಾಸರು ನೂರಾರು ವರ್ಷ ಬಳಸಿ ಪಳಗಿಸಿದ ಭಾಷೆಯಲ್ಲಿ ಇವರು ಕ್ರಿಸ್ತನ ಕತೆ ಹೇಳಬೇಕಿತ್ತು. ಖಾಲಿ ಪದ ಒಂದೂ ಸಿಗುವಂತಿರಲಿಲ್ಲ. ಎಲ್ಲದರಲ್ಲೂ ಮೊದಲೇ ಯಾರೋ ವಾಸವಾಗಿದ್ದರು.

ಸಮಾಧಾನವನ್ನೇ ನೋಡಿ. ಶಮ, ದಮ ಮುಂತಾಗಿ ವೇದಾಂತ ಹೇಳುವ ಆರು ಸಂಪತ್ತುಗಳಲ್ಲಿ ಅದೂ ಒಂದು. ಅಲ್ಲಿ ಅದರ ಅರ್ಥ ಚಿತ್ತವನ್ನು ಒಂದೆಡೆ ನಿಲ್ಲಿಸುವುದು. ಶಾಸ್ತ್ರಚರ್ಚೆಯಲ್ಲಿ ಶಂಕೆಗೆ ಸಮಾಧಾನವಿದೆ, ಅಲ್ಲಿ ಅದು ಉತ್ತರ. ಮನೆಮಾತಿನಲ್ಲಿ ಅತ್ತ ಮಗುವಿಗೆ ಮಾಡುವುದೂ ಸಮಾಧಾನವೇ. ಸಂಸ್ಕೃತದಲ್ಲಿ ಆ ಪದವನ್ನು ಬಿಡಿಸಿದರೆ ‘ಒಟ್ಟಿಗೆ ಇಡುವುದು, ಕೂಡಿಸುವುದು’ ಎಂದಾಗುತ್ತದೆ. ಸಂಧಾನವೂ ಅದೇ ಧಾತುವಿನಿಂದ ಬಂದದ್ದು. ಇತ್ತ ಹೀಬ್ರೂವಿನ ‘ಶಾಲೋಮ್’ ಪದಕ್ಕೆ ಬರಿಯ ನೆಮ್ಮದಿ ಎಂದಷ್ಟೇ ಅರ್ಥವಲ್ಲ. ಅದರ ಬೇರಿನಲ್ಲಿರುವುದು ‘ಇಡಿಯಾಗಿರುವುದು’ ಎಂಬ ಭಾವ. ಬಲಿಪೀಠಕ್ಕೆ ಉಳಿ ತಾಗಿಸದ ಇಡೀ ಕಲ್ಲುಗಳನ್ನೇ ಬಳಸಬೇಕೆಂದು ಧರ್ಮೋಪದೇಶಕಾಂಡದಲ್ಲಿ ಇದೆ. ಆ ‘ಇಡೀ’ ಎಂಬುದಕ್ಕೆ ಇರುವುದೂ ಇದೇ ಬೇರಿನ ಪದ. ಸಾಲ ತೀರಿಸುವುದಕ್ಕೆ ಅಲ್ಲಿ ಹೇಳುವ ಕ್ರಿಯಾಪದವೂ ಇದರ ನೆಂಟನೇ.

ಇದನ್ನೆಲ್ಲ ಚೀಟಿಗಳಲ್ಲಿ ಬರೆದು ಜೋಡಿಸುವುದು ನನಗೆ ಬರುತ್ತಿತ್ತು. ಬದುಕು ಮಾತ್ರ ಕೂಡಿಕೊಳ್ಳುತ್ತಿರಲಿಲ್ಲ. ಎರಡನೆಯ ವರ್ಷದ ಕೊನೆಗೆ ನಿದ್ದೆ ಹೋಯಿತು. ಎದೆ ಬಿಗಿದು ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದೆ. ಹಾಸ್ಟೆಲಿನ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ದಿನಗಟ್ಟಲೆ ಇರುತ್ತಿದ್ದೆ. ವೈದ್ಯರ ಬಳಿ ಹೋದೆ, ಮಾತ್ರೆ ತೆಗೆದುಕೊಂಡೆ. ನಿದ್ದೆ ತಿರುಗಿ ಬಂತು, ಅದನ್ನು ಉಪಕಾರವೆಂದೇ ನೆನೆಯುತ್ತೇನೆ. ಆದರೆ ಎಚ್ಚರವಾದ ಕೂಡಲೇ ಅದೇ ಪ್ರಶ್ನೆ: ಹೇಳಬೇಡಿ ಅಂದದ್ದು ನಿಜವಾಗಿ ಯಾರು?

ಒಂದು ಮಧ್ಯಾಹ್ನ, ಸುವಾರ್ತೆಗಳಲ್ಲಿ ‘ಸಮಾಧಾನ’ ಎಲ್ಲೆಲ್ಲಿ ಬಂದಿದೆ ಎಂದು ಪಟ್ಟಿ ಮಾಡುತ್ತಾ ಯೋಹಾನನ ಇಪ್ಪತ್ತನೆಯ ಅಧ್ಯಾಯಕ್ಕೆ ಬಂದೆ. ಚಿಕ್ಕಂದಿನಿಂದ ಕೇಳಿದ ಭಾಗವೇ. ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಶಿಷ್ಯರು ಹೆದರಿ ಬಾಗಿಲು ಮುಚ್ಚಿಕೊಂಡು ಕುಳಿತಿದ್ದಾರೆ. ಎದ್ದು ಬಂದ ಯೇಸು ಅವರ ನಡುವೆ ನಿಂತು ಸಮಾಧಾನ ಹಾರೈಸುತ್ತಾನೆ. ಆ ಒಂದೇ ಅಧ್ಯಾಯದಲ್ಲಿ ಮೂರು ಸಲ. ನನ್ನ ಪೆನ್ನು ನಿಂತದ್ದು ಅದರ ಮುಂದಿನ ಮಾತಿನಲ್ಲಿ. ಹಾರೈಸಿದವನು ಕೂಡಲೇ ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಮೊಳೆಯ ಗುರುತು, ಈಟಿಯ ಗಾಯ ಹಾಗೇ ಇವೆ. ಸಾವನ್ನೇ ಗೆದ್ದವನ ಮೈಯಲ್ಲಿ ಗಾಯಗಳು ಮಾಯವಾಗಿಲ್ಲ. ತನ್ನನ್ನು ಬಿಟ್ಟು ಓಡಿಹೋದವರಿಗೆ ಅವನು ಏಕೆ ಓಡಿಹೋದಿರಿ ಎಂದು ಕೇಳುವುದೂ ಇಲ್ಲ.

ಅದುವರೆಗೆ ನಾನು ಹುಡುಕುತ್ತಿದ್ದದ್ದು ಶಂಕೆಗೆ ಸಿಗುವ ಸಮಾಧಾನವನ್ನು. ಪಪ್ಪ ನಿಜ ಒಪ್ಪಿಕೊಂಡರೆ, ಲೆಕ್ಕ ಚುಕ್ತಾ ಆದರೆ, ಆಮೇಲೆ ನೆಮ್ಮದಿ. ಇಲ್ಲಿ ಇನ್ನೊಂದು ಅರ್ಥ ಎದುರಿಗೆ ನಿಂತಿತ್ತು. ಗಾಯ ಇಟ್ಟುಕೊಂಡೇ ಇಡಿಯಾಗಿರಲು ಬರುತ್ತದೆ ಎಂಬುದು. ಚೀಟಿಯನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ಅತ್ತೆ. ಪ್ರಾರ್ಥನೆ ಎನ್ನಬಹುದಾದದ್ದು ಅದೊಂದೇ. ಮಾತು ಯಾವುದೂ ಹೊರಡಲಿಲ್ಲ.

ಅದಾಗಿ ಒಂದೂವರೆ ತಿಂಗಳಿಗೆ ಬಲ್ಮಠದ ಪತ್ರಾಗಾರದಲ್ಲಿ ಹಳೆಯ ಕಡತಗಳನ್ನು ನೋಡುವ ಕೆಲಸ ಬಿತ್ತು. ಮನೆಯಲ್ಲೇ ಉಳಿಯಬೇಕಾಯಿತು. ಪಪ್ಪ ನನ್ನ ಕೋಣೆ ಗುಡಿಸಿ, ಕಿಟಕಿಗೆ ಹೊಸ ಪರದೆ ಹಾಕಿಸಿದ್ದರು. ಬೆಳಿಗ್ಗೆ ನನಗೆ ಚಹಾ ಮಾಡಿಟ್ಟು ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು. ಭಾನುವಾರ “ನಾನು ಚರ್ಚಿಗೆ ಹೋಗಿ ಬರ್ತೇನೆ” ಎಂದು ಚಪ್ಪಲಿ ಮೆಟ್ಟುತ್ತಿದ್ದವರನ್ನು ನೋಡಿ, “ನಿಲ್ಲಿ, ನಾನೂ ಬರ್ತೇನೆ” ಎಂದೆ.

ಆ ದಿನ ಕರ್ತನ ಭೋಜನದ ಆರಾಧನೆ. ದಕ್ಷಿಣ ಭಾರತ ಸಭೆ ರೂಪುಗೊಂಡದ್ದು 1947ರಲ್ಲಿ. ಅದರ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯೊಂದಿದೆ. ಕೇರಳದ ಸುರಿಯಾನಿ ಸಭೆಗಳಿಂದ ಬಂದದ್ದು. ಪೀಠದ ಬಳಿಯಿಂದ ಅದು ಬೆಂಚಿನಿಂದ ಬೆಂಚಿಗೆ, ಒಬ್ಬರಿಂದ ಪಕ್ಕದವರಿಗೆ ಬರುತ್ತದೆ. ಕೊಡುವವರ ಬಲಗೈಯನ್ನು ಪಡೆಯುವವರು ಎರಡೂ ಕೈಗಳ ನಡುವೆ ಹಿಡಿಯುತ್ತಾರೆ. ರೊಟ್ಟಿ, ದ್ರಾಕ್ಷಾರಸವನ್ನು ಮೇಜಿಗೆ ತರುವ ಮೊದಲೇ ಇದು ಆಗಬೇಕು. ಸಹೋದರನಿಗೆ ನಿನ್ನ ಮೇಲೆ ಬೇಸರವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಯೇಸುವಿನ ಬೋಧನೆಗೆ ಹೊಂದುವ ಕ್ರಮ ಇದು. ಚಿಕ್ಕವಳಿದ್ದಾಗ ಇದು ನನಗೆ ಬೆಂಚಿನ ಗೆಳತಿಯ ಕೈ ಗಿಂಡುವ ಆಟವಾಗಿತ್ತು.

ನಮ್ಮ ಬೆಂಚಿಗೆ ಬಂದಾಗ ಮೊದಲು ಪಡೆದವರು ಪಪ್ಪ. ಅವರ ಪಕ್ಕ ನಾನು. ಅವರು ತಿರುಗಿದರು, ಕೈ ಅರ್ಧಕ್ಕೆ ಚಾಚಿ ನಿಲ್ಲಿಸಿದರು. ನಾನು ಹಿಡಿಯುತ್ತೇನೋ ಇಲ್ಲವೋ ಎಂಬ ಅನುಮಾನ ಆ ಕೈಯಲ್ಲಿ ಕಂಡಿತು. ಮೂರು ವರ್ಷದಲ್ಲಿ ನಾನು ಅವರನ್ನು ಮುಟ್ಟಿಯೇ ಇರಲಿಲ್ಲ ಎಂಬುದು ಆಗ ನೆನಪಾಯಿತು. ಹಿಡಿದೆ. ಒರಟು ಕೈ, ಬೆರಳ ತುದಿ ತಣ್ಣಗಿತ್ತು. ಅಮ್ಮನ ಕೊನೆಯ ತಿಂಗಳುಗಳಲ್ಲಿ ಅವಳನ್ನು ಎತ್ತಿದ್ದು, ಒರೆಸಿದ್ದು, ಗಂಜಿ ಕುಡಿಸಿದ್ದು, ನನಗೆ ಫೋನ್ ಮಾಡಿ ಗ್ಯಾಸ್ಟ್ರಿಕ್ ಎಂದು ಸುಳ್ಳು ಹೇಳಿದ್ದು ಎಲ್ಲವೂ ಈ ಕೈಯೇ ಅಲ್ಲವೇ? ನನಗೆ ಸಿಗದ ಆ ದಿನಗಳನ್ನು ಅವರು ಒಬ್ಬರೇ ಹೊತ್ತಿದ್ದರು. ನನ್ನ ಗಾಯ ಒಂದನ್ನೇ ನೋಡಿಕೊಂಡಿದ್ದವಳಿಗೆ ಅವರ ಗಾಯ ಕಂಡಿರಲಿಲ್ಲ.

ಅವರು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪಕ್ಕದ ಹೆಂಗಸು ಕಾಯುತ್ತಿದ್ದರು. ತಿರುಗಿ ಅವರಿಗೆ ಕೈ ಕೊಟ್ಟೆ.

ಅಮ್ಮನ ವಿಷಯವನ್ನು ನಾವು ಅಂದೇ ಮಾತಾಡಲಿಲ್ಲ. ಎರಡು ವಾರ ಕಳೆದು, ಬಂಗುಡೆ ಶುಚಿ ಮಾಡುತ್ತಿದ್ದಾಗ ಪಪ್ಪ ತಾವಾಗಿ ಎತ್ತಿದರು. “ಹೇಳಬೇಡಿ ಅಂದದ್ದು ಅವಳೇ. ಆದರೂ ನಾನು ಹೇಳಬೇಕಿತ್ತು” ಎಂದರು. ಮೊದಲಿನ ಮಾತನ್ನು ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ಎರಡನೆಯ ಮಾತು ಸಾಕಾಯಿತು. “ನಾನು ಅಷ್ಟು ದಿನ ನಿಮ್ಮನ್ನು ಒಬ್ಬರನ್ನೇ ಬಿಡಬಾರದಿತ್ತು” ಎಂದು ನಾನೂ ಹೇಳಿದೆ.

ಆಳವಾದ ಶಾಂತಿ ಎಂದರೆ ಅಲೆಯಿಲ್ಲದ ಕೆರೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲ. ಪ್ರಬಂಧದ ನಾಲ್ಕನೆಯ ಅಧ್ಯಾಯ ಇನ್ನೂ ಮುಗಿದಿಲ್ಲ, ಮುಂದೆ ಕೆಲಸ ಸಿಗುತ್ತದೆಂಬ ಭರವಸೆ ಇಲ್ಲ, ಕೆಲವು ರಾತ್ರಿ ಈಗಲೂ ಎದೆ ಬಿಗಿಯುತ್ತದೆ. ನಂಬಿಕೆ ನನಗೆ ಉತ್ತರಗಳನ್ನೇನೂ ಕೊಡಲಿಲ್ಲ. ಪೌಲನು ಸಂತೋಷದ ಬಗ್ಗೆ ಅಷ್ಟೊಂದು ಬರೆದ ಫಿಲಿಪ್ಪಿಯವರ ಪತ್ರ ಸೆರೆಯಲ್ಲಿದ್ದು ಬರೆದದ್ದು ಎಂಬುದು ಈಗ ವಿಚಿತ್ರ ಅನ್ನಿಸುವುದಿಲ್ಲ. ಒಳಗಿನಿಂದ ಚಿಲಕ ಹಾಕಿದ ಕೋಣೆಯೊಳಗೂ ಒಬ್ಬನು ಬಂದು ನಿಲ್ಲುತ್ತಾನೆ, ಅವನ ಕೈಯಲ್ಲೂ ಗಾಯವಿದೆ. ನನ್ನ ನಂಬಿಕೆ ಇಷ್ಟೇ. ಒಡೆದ ಚೂರುಗಳನ್ನು ಬಿಸಾಡದೆ ಒಟ್ಟಿಗೆ ಇಟ್ಟುಕೊಳ್ಳಲು ಇಷ್ಟು ಸಾಕಾಗಿದೆ.

ಭಾನುವಾರದ ಫೋನು ಈಗಲೂ ಒಂಬತ್ತಕ್ಕೇ ಬರುತ್ತದೆ. “ವನಸ್ ಆಂಡಾ?” ಎಂದು ಕೇಳುತ್ತಾರೆ. ಆಯಿತು ಎಂದು ಹೇಳಿ, ನಿಮ್ಮಲ್ಲಿ ಏನು ಪದಾರ್ಥ ಎಂದು ನಾನೂ ಕೇಳುತ್ತೇನೆ. ನಮ್ಮೂರಲ್ಲಿ ಪದಾರ್ಥ ಎಂದರೆ ಅನ್ನಕ್ಕೆ ಕಲಸಿಕೊಳ್ಳುವ ಸಾರು. ಬಂಗುಡೆ ಸಿಕ್ಕಿತ್ತು, ಪುಳಿಮುಂಚಿ ಮಾಡಿದೆ, ಉಪ್ಪು ತುಸು ಜಾಸ್ತಿಯಾಯಿತು ಎನ್ನುತ್ತಾರೆ. ಅಮ್ಮ ಹುಣಸೆ ಎಷ್ಟು ಹಾಕುತ್ತಿದ್ದಳು ಎಂದು ಇಬ್ಬರೂ ಲೆಕ್ಕ ಹಾಕುತ್ತೇವೆ. ಅದೊಂದು ಇನ್ನೂ ಸರಿಯಾಗಿ ಬರುತ್ತಿಲ್ಲ.