ಲೈಪ್ಜಿಗ್‌ನಲ್ಲಿ ಕಾಫಿಯ ಕರೆಯೋಲೆ

ಜರ್ಮನಿಯ ಪೂರ್ವ ಭಾಗದ ಲೈಪ್ಜಿಗ್ ನಗರದ ಹಳೆಯ ಪೇಟೆಯಲ್ಲಿ ಒಂದು ಇಕ್ಕಟ್ಟಾದ ಬೀದಿಯಿದೆ. ಅಲ್ಲಿನ ಒಂದು ಕಟ್ಟಡದ ಬಾಗಿಲ ಮೇಲೆ ಕೆತ್ತನೆಯ ಚಿತ್ರವೊಂದು ಕಾಣಸಿಗುತ್ತದೆ. ತುರ್ಕಿ ಉಡುಪಿನ ಮನುಷ್ಯನೊಬ್ಬ ಕಾಫಿ ಗಿಡದ ನೆರಳಲ್ಲಿ ಒರಗಿ ಕುಳಿತಿದ್ದಾನೆ. ಎದುರಿಗೆ ರೆಕ್ಕೆಯುಳ್ಳ ಒಂದು ಮಗು. ಇಬ್ಬರ ನಡುವೆ ಕಾಫಿಯ ಬಟ್ಟಲು. ಈ ಮನೆಯ ಹೆಸರು 'ಅರಾಬಿಶೆನ್ ಕಾಫೆ ಬೌಮ್', ಅಂದರೆ ಅರಬ್ ಕಾಫಿ ಮರ. ಹದಿನೆಂಟನೇ ಶತಮಾನದ ಆರಂಭದಲ್ಲೇ ಇಲ್ಲಿ ಜನರಿಗೆ ಕಾಫಿ ಸಿಗುತ್ತಿತ್ತು. ಯುರೋಪಿನ ತೀರಾ ಹಳೆಯ ಕಾಫಿ ಮನೆಗಳಲ್ಲಿ ಇದೂ ಒಂದು.

ಜರ್ಮನರ ಬಾಯಲ್ಲಿರುವ 'ಕಾಫೆ' ಎಂಬ ಶಬ್ದವೇ ನಮ್ಮ ಅರಬಿಯ 'ಖಹ್ವಾ'ದಿಂದ ಹೊರಟು, ತುರ್ಕಿಯ 'ಕಹ್ವೆ'ಯಾಗಿ, ಇಟಲಿ, ಫ್ರಾನ್ಸ್‌ಗಳನ್ನು ಹಾದು ಅಲ್ಲಿಗೆ ತಲುಪಿದೆ. ಹದಿನೈದನೇ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಆರಾಧನೆಗೆ ಎಚ್ಚರವಾಗಿರಲು ಕುಡಿಯುತ್ತಿದ್ದ ಪೇಯವಿದು. ಔಗ್ಸ್‌ಬರ್ಗ್‌ನ ವೈದ್ಯ ಲಿಯೊನ್‌ಹಾರ್ಡ್ ರೌವೊಲ್ಫ್ 1573ರಲ್ಲಿ ಹಲಬ್ ನಗರಕ್ಕೆ ಹೋಗಿದ್ದರು. ಅಲ್ಲಿ ಜನ ಒಟ್ಟಿಗೆ ಕುಳಿತು ಬಿಸಿ ಕಾಫಿ ಕುಡಿಯುವುದನ್ನು ಕಂಡು, 1582ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ಅದನ್ನು ಬರೆದರು. ಇತ್ತ ನಮ್ಮ ಚಿಕ್ಕಮಗಳೂರಿನ ಗಿರಿಗೆ ಬಾಬಾ ಬುಡನ್‌ರವರು ಯಮನಿನಿಂದ ಏಳು ಬೀಜ ತಂದರೆಂಬ ಕಥೆ ಯಾರಿಗೆ ಗೊತ್ತಿಲ್ಲ? ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಅದನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಜರ್ಮನಿಯೂ ಸೇರಿದೆ.

2024ರ ಬೇಸಿಗೆ ರಜೆಯಲ್ಲಿ ನಾನು ಲೈಪ್ಜಿಗ್‌ಗೆ ಹೋದದ್ದು ಕಾಫಿಗಾಗಿ ಅಲ್ಲ, ತಂಗಿಯ ಮಗಳ ಬಾಣಂತನಕ್ಕೆ. ಅಳಿಯ ಬೆಳಿಗ್ಗೆ ಹೋದರೆ ಸಂಜೆಗೇ ಮನೆಗೆ. ಅವಳು ಆ ಊರಿಗೆ ಬಂದು ಒಂದೂವರೆ ವರ್ಷವಾಗಿತ್ತು. ಭಾಷೆಯ ತರಗತಿಗೆ ಹೋಗಿ ಅಷ್ಟಿಷ್ಟು ಕಲಿತಿದ್ದಳು. ಆದರೂ, "ಖಾಲಾ, ಇಲ್ಲಿ ಎಲ್ಲರೂ ನಗುಮುಖದಿಂದ ಸಲಾಮು ಹೇಳ್ತಾರೆ. ಒಬ್ಬರ ಮನೆಯ ಒಳಗೂ ನಾನು ಹೋಗಿಲ್ಲ" ಎಂದಳು. ಆ ಮಾತು ನನ್ನ ಕರುಳಿಗೆ ನಾಟಿತು. ನಾನು ಹಿಂತಿರುಗಿದ ಮೇಲೆ ಈ ಹುಡುಗಿ ಹಸುಗೂಸಿನೊಂದಿಗೆ ನಾಲ್ಕು ಗೋಡೆಗಳ ಮಧ್ಯೆ ಒಬ್ಬಳೇ ಆಗುತ್ತಾಳಲ್ಲ!

ಅದೇ ವಾರ ಅಂಚೆ ಡಬ್ಬಿಯಲ್ಲಿ ಒಂದು ಚೀಟಿ ಸಿಕ್ಕಿತು. ಕೆಳಮಹಡಿಯ ಎಂಬತ್ತರ ಆಸುಪಾಸಿನ ಅಜ್ಜಿ ಬರೆದದ್ದು: ಭಾನುವಾರ, ಮಧ್ಯಾಹ್ನ 3 ಗಂಟೆ, ಕಾಫಿ ಮತ್ತು ಕೇಕು, ಊರಿನಿಂದ ಬಂದ ನಿಮ್ಮ ಚಿಕ್ಕಮ್ಮನೂ ಬರಲಿ. ಜರ್ಮನರಲ್ಲಿ ಮಧ್ಯಾಹ್ನದ ಈ 'ಕಾಫೆ ಉಂಟ್ ಕೂಖೆನ್' ಹಳೆಯ ಪದ್ಧತಿ. ನಮ್ಮಲ್ಲಿ "ಯಾವಾಗಲಾದರೂ ಮನೆಗೆ ಬನ್ನಿ" ಎನ್ನುತ್ತೇವೆ. ಹೋಗುವವರು ಹೋಗುತ್ತಾರೆ, ಅದರಲ್ಲಿ ಬೇಸರವೂ ಇಲ್ಲ. ಅಲ್ಲಿ ದಿನ, ಗಂಟೆ ಹೇಳಿದರೆ ಮಾತ್ರ ಕರೆದಂತೆ. ಮೂರು ಗಂಟೆ ಅಂದರೆ ಮೂರೇ ಗಂಟೆ!

ಚೀಟಿ ಹಿಡಿದು ತಂಗಿಯ ಮಗಳು ನನಗೆ ಪಾಠ ಮಾಡಿದಳು. ಮೊದಲನೆಯ ಪಾಠ, ಸಂಬೋಧನೆಯದು. ಕನ್ನಡದ ನೀನು, ನೀವು ಎಂಬಂತೆ ಜರ್ಮನ್‌ನಲ್ಲಿ 'ಡೂ' ಮತ್ತು 'ಜೀ' ಇವೆ. ಕೇಳಲು ಉರ್ದುವಿನ 'ತೂ' ಮತ್ತು 'ಜೀ'ಗಳೇ! ಹಿರಿಯರನ್ನೂ ಅಪರಿಚಿತರನ್ನೂ 'ಜೀ' ಎಂದೇ ಕರೆಯಬೇಕು. 'ಡೂ' ಎಂದು ಕರೆಯಬಹುದು ಎಂಬ ಅನುಮತಿಯನ್ನು ಸಾಮಾನ್ಯವಾಗಿ ಹಿರಿಯರೇ ಕೊಡಬೇಕು. ಗೆಳತಿಯನ್ನು ಕರೆಯುವಾಗ "ವೊಲೆನ್ ವೀರ್ ಐನೆನ್ ಕಾಫೆ ಟ್ರಿಂಕೆನ್ ಗೇಯೆನ್?" ಅಂದರೆ ಸಾಕು, ಒಂದು ಕಾಫಿ ಕುಡಿಯಲು ಹೋಗೋಣವೇ ಎಂದರ್ಥ. ಗೌರವದಿಂದ ಆಹ್ವಾನಿಸುವಾಗ "ಡಾರ್ಫ್ ಇಶ್ ಜೀ ಔಫ್ ಐನೆನ್ ಕಾಫೆ ಐನ್‌ಲಾಡೆನ್?" ತಮ್ಮನ್ನು ಒಂದು ಕಾಫಿಗೆ ಆಹ್ವಾನಿಸಬಹುದೇ ಎಂಬ ವಿನಯದ ಮಾತು.

ಎರಡನೆಯ ಪಾಠ, ಹಣದ್ದು. ಹೊರಗೆ ಕಾಫಿ ಅಂಗಡಿಗೆ ಹೋದಾಗ 'ಐನ್‌ಲಾಡೆನ್' ಎಂಬ ಶಬ್ದ ಬಳಸಿದವರೇ ಬಿಲ್ಲು ಕೊಡಬೇಕು. 'ಹೋಗೋಣವೇ' ಎಂದಷ್ಟೇ ಹೇಳಿದ್ದರೆ ಸಾಮಾನ್ಯವಾಗಿ ಅವರವರದು ಅವರವರಿಗೆ. ಅದಕ್ಕೇ ಅಲ್ಲಿ ಬಿಲ್ಲು ತರುವವರು "ಗೆಟ್ರೆಂಟ್ ಓಡರ್ ತ್ಸುಜಾಮೆನ್?" ಬೇರೆ ಬೇರೆಯೋ ಒಟ್ಟಿಗೋ ಎಂದು ಕೇಳುತ್ತಾರೆ. ನಮ್ಮ ಹೋಟೆಲುಗಳಲ್ಲಿ ಬಿಲ್ಲಿಗಾಗಿ ಕೈ ಕೈ ಎಳೆದಾಡುವ ದೃಶ್ಯ ಅಲ್ಲಿಲ್ಲ. ಇದು ಜಿಪುಣತನವಲ್ಲ. ಯಾರೂ ಯಾರಿಗೂ ಋಣಿಯಾಗದೆ ಮತ್ತೆ ಮತ್ತೆ ಭೇಟಿಯಾಗಬಹುದು ಎಂಬ ಅನುಕೂಲ.

ಮೂರನೆಯ ಪಾಠವೇ ನಮ್ಮ ಹೆಣ್ಣುಮಕ್ಕಳಿಗೆ ಕಷ್ಟದ್ದು. ಅತಿಥಿಯಾಗಿ ಹೋದಾಗ ಮೊದಲು "ಬೇಡ, ಬೇಡ" ಎನ್ನುವುದು ನಮ್ಮ ಸಂಕೋಚ. ಮನೆಯಾಕೆ ಒತ್ತಾಯಿಸಬೇಕು, ಮೂರನೇ ಸಲಕ್ಕೆ ನಾವು ಒಪ್ಪಬೇಕು. ಅಲ್ಲಿ ಒಮ್ಮೆ ಬೇಡ ಎಂದರೆ ಬೇಡವೇ. ಇನ್ನೂ ವಿಚಿತ್ರವೆಂದರೆ, "ಇನ್ನಷ್ಟು ಕಾಫಿ?" ಎಂದು ಕೇಳಿದಾಗ ಬರೀ "ಡಾಂಕೆ", ಅಂದರೆ ಥ್ಯಾಂಕ್ಸ್, ಎಂದರೂ ಸಾಕು ಎಂದೇ ಅರ್ಥವಾಗುತ್ತದೆ! ಬೇಕಿದ್ದರೆ "ಯಾ, ಗೆರ್ನೆ" ಎನ್ನಬೇಕು. ಹೌದು, ಸಂತೋಷದಿಂದ ಎಂದರ್ಥ. ಇದು ತಿಳಿಯದ ಹೊಸಬಳು ಖಾಲಿ ಬಟ್ಟಲು ಹಿಡಿದು ಕುಳಿತು, 'ಇವರಿಗೆ ಉಪಚಾರವೇ ಗೊತ್ತಿಲ್ಲ' ಎಂದು ನೊಂದುಕೊಂಡು ಮನೆಗೆ ಮರಳುತ್ತಾಳೆ. ಆ ಮನೆಯಾಕೆಯೋ, 'ಇವಳಿಗೆ ನನ್ನ ಕಾಫಿ ಹಿಡಿಸಲಿಲ್ಲ' ಎಂದುಕೊಳ್ಳುತ್ತಾಳೆ. ಎರಡೂ ಮನಸ್ಸುಗಳಲ್ಲಿ ಕಪಟವಿಲ್ಲ. ಆದರೂ ಬಾಗಿಲು ಮುಚ್ಚಿಹೋಗುತ್ತದೆ.

ಕೇಕಿನ ವಿಷಯವನ್ನೂ ಅವಳು ಮೊದಲೇ ಕೇಳಿಬಿಟ್ಟಿದ್ದಳು. ಅಲ್ಲಿನ ಕೆಲವು ಕೇಕುಗಳಿಗೆ ರಮ್ಮು ಅಥವಾ ಚೆರ್ರಿಯ ಮದ್ಯ ಬೆರೆಸುತ್ತಾರೆ, ಕೆನೆಯ ಕೇಕುಗಳಲ್ಲಿ ಜೆಲಟಿನ್ ಇರುವುದುಂಟು. ಕೇಳಿದ್ದಕ್ಕೆ ಅಜ್ಜಿ ಬೇಸರಿಸಲಿಲ್ಲ. ರೂಬಾರ್ಬ್ ಎಂಬ ಹುಳಿ ದಂಟು ಹಾಕಿದ ಸಾದಾ ಕೇಕನ್ನು ತಾವೇ ಮಾಡಿದ್ದರು.

ಅಜ್ಜಿ ಕಾಫಿ ಸೋಸಿದ್ದು ಕಾಗದದ ಸೋಸುಕದಲ್ಲಿ. ಅದನ್ನು ಕಂಡುಹಿಡಿದವರು ಪಕ್ಕದ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್. ಮಗನ ಶಾಲಾ ಪುಸ್ತಕದ ಒತ್ತುಕಾಗದವನ್ನು ತೂತು ಮಾಡಿದ ಪಾತ್ರೆಯಲ್ಲಿಟ್ಟು ಪ್ರಯೋಗಿಸಿದ ಆಕೆ, 1908ರಲ್ಲಿ ಅದರ ಹಕ್ಕನ್ನು ತಮ್ಮ ಹೆಸರಿಗೆ ನೋಂದಾಯಿಸಿದರು. ಅಡುಗೆಮನೆಯಲ್ಲಿ ಹುಟ್ಟಿದ ಜಾಣ್ಮೆ ಲೋಕವನ್ನೆಲ್ಲ ತಲುಪಿತು!

ಅಜ್ಜಿ ತಮ್ಮ ಯೌವನದ ಕಥೆಯನ್ನೂ ಹೇಳಿದರು, ತಂಗಿಯ ಮಗಳು ನನಗೆ ಉರ್ದುವಿನಲ್ಲಿ ತಿಳಿಸಿದಳು. ಆಗ ಲೈಪ್ಜಿಗ್ ಪೂರ್ವ ಜರ್ಮನಿಯಲ್ಲಿತ್ತು. 1977ರಲ್ಲಿ ಕಾಫಿ ದುಬಾರಿಯಾದಾಗ ಸರಕಾರ 'ಕಾಫೆ ಮಿಕ್ಸ್' ಎಂಬ ಬೆರಕೆ ಪುಡಿಯನ್ನು ಮಾರಿತು. ಅದರಲ್ಲಿ ಕಾಫಿ ಅರ್ಧದಷ್ಟು, ಉಳಿದದ್ದು ಹುರಿದ ಧಾನ್ಯ ಮುಂತಾದವು. ಜನ ಸಿಡಿದೆದ್ದರು. ಪಶ್ಚಿಮದ ಬಂಧುಗಳು ಕಳುಹಿಸುವ ಪೊಟ್ಟಣದಲ್ಲಿ ಕಾಫಿ ಬಂದರೆ ಅದನ್ನು ಅತಿಥಿಗಳಿಗಾಗಿ ಎತ್ತಿಡುತ್ತಿದ್ದರಂತೆ. ತೀರಾ ನೀರಾದ ಕಾಫಿಗೆ ಆ ಸೀಮೆಯವರು 'ಹೂವಿನ ಕಾಫಿ' ಎನ್ನುತ್ತಾರೆ. ಬಟ್ಟಲಿನ ತಳದ ಹೂವಿನ ಚಿತ್ರ ಕಾಣುವಷ್ಟು ತೆಳ್ಳಗೆ ಎಂದು ಗೇಲಿ!

ಕಾಫಿ ಮನೆಗಳು ಬಹುಮಟ್ಟಿಗೆ ಗಂಡಸರ ಜಾಗವಾಗಿದ್ದ ಕಾಲದಲ್ಲಿ ಹೆಂಗಸರು ಸುಮ್ಮನಿರಲಿಲ್ಲ. ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಿದ್ದರು. 1715ರಲ್ಲಿ ಲೈಪ್ಜಿಗ್‌ನಲ್ಲೇ ಅಚ್ಚಾದ ಮಹಿಳೆಯರ ನಿಘಂಟೊಂದರಲ್ಲಿ ಈ ಕೂಟದ ಹೆಸರಿದೆ. 'ಕಾಫೆ ಕ್ರೆನ್ಸ್‌ಷೆನ್', ಅಂದರೆ ಕಾಫಿಯ ಪುಟ್ಟ ಹೂಮಾಲೆ. ಅದೇ ಊರಿನಲ್ಲಿದ್ದ ಸಂಗೀತಗಾರ ಬಾಖ್ 1734ರ ಸುಮಾರಿಗೆ ಒಂದು ಹಾಸ್ಯ ಗೀತನಾಟಕ ರಚಿಸಿದರು. ಅದರಲ್ಲಿ ಕಾಫಿ ಬಿಡದಿದ್ದರೆ ಮದುವೆಯೇ ಇಲ್ಲ ಎಂದು ತಂದೆ ಬೆದರಿಸುತ್ತಾನೆ. ಮಗಳು ಒಪ್ಪಿದಂತೆ ನಟಿಸಿ, ಬೇಕಾದಾಗ ಕಾಫಿ ಮಾಡಿಕೊಳ್ಳಲು ಬಿಡುವುದಾಗಿ ಮದುವೆಯ ಕರಾರಿನಲ್ಲಿ ಬರೆದುಕೊಡುವ ವರನೇ ಬೇಕೆಂದು ಗುಟ್ಟಾಗಿ ಸಾರುತ್ತಾಳೆ! ನಿಕಾಹ್ ಕರಾರಿನಲ್ಲಿ ಹೆಣ್ಣು ತನ್ನ ಶರತ್ತನ್ನು ಬರೆಸಬಹುದು ಎಂದು ತರಗತಿಯಲ್ಲಿ ಬೋಧಿಸುವ ನನಗೆ ಈ ಕಥೆ ಕೇಳಿ ನಗು ತಡೆಯಲಾಗಲಿಲ್ಲ.

ಸಹೋದರಿಯರೇ, ಓದಿಗಾಗಿಯೋ ಪತಿಯ ಕೆಲಸದ ನಿಮಿತ್ತವೋ ನಮ್ಮ ಹೆಣ್ಣುಮಕ್ಕಳು ಇಂದು ಇಂತಹ ದೂರದ ಊರುಗಳಿಗೆ ಹೋಗುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಮಸಾಲೆ ಪುಡಿ ತುಂಬಿ ಕಳುಹಿಸುತ್ತೇವೆ. ಜೊತೆಗೆ ಆ ಊರಿನ ಭಾಷೆಯಲ್ಲಿ ಒಬ್ಬರನ್ನು ಮನೆಗೆ ಕರೆಯುವ ಒಂದು ವಾಕ್ಯವನ್ನೂ ಕಲಿಸಿ ಕಳುಹಿಸೋಣ. ನೆರೆಮನೆಯವರು ಕರೆಯಲಿ ಎಂದು ವರ್ಷಗಟ್ಟಲೆ ಕಾಯುವುದಕ್ಕಿಂತ ನಾವೇ ಮೊದಲು ಕರೆಯುವುದು ಲೇಸಲ್ಲವೇ?

ನಾನು ಹೊರಡುವ ಮುನ್ನಾದಿನ ತಂಗಿಯ ಮಗಳು ನಿಘಂಟು ನೋಡಿ ನೋಡಿ ಒಂದು ಚೀಟಿ ಬರೆದಳು. ಮುಂದಿನ ಭಾನುವಾರ, 3 ಗಂಟೆ, ಚಿಕ್ಕಮಗಳೂರಿನ ಕಾಫಿ. ಕೆಳಗೆ ಹೋಗಿ ಅಜ್ಜಿಯ ಡಬ್ಬಿಗೆ ಹಾಕಿ ಬಂದಳು. ಸಂಜೆಯೊಳಗೆ ನಮ್ಮ ಡಬ್ಬಿಯಲ್ಲಿ ಉತ್ತರವಿತ್ತು: "ಯಾ, ಗೆರ್ನೆ!"